ಗುರುಮಲ್ಲಪ್ಪನ ಉಪ್ಪಿನ ಕೈ

ಗುರುಮಲ್ಲಪ್ಪನ ಬಗ್ಗೆ ಬೀದಿಯವರು ಎರಡು ಮಾತು ಹೇಳುತ್ತಿದ್ದರು. ಅವನ ಮೈಯಲ್ಲಿ ಹರಿಯುವುದು ರಕ್ತವಲ್ಲ, ನೀರು ಮಜ್ಜಿಗೆ ಎಂಬುದು ಒಂದು. ಅವನ ಕೈಯಿಂದ ಉಪ್ಪು ಬಿದ್ದ ಸಾರಿಗೆ ಶಿವನೇ ಬಂದು ಪಂಕ್ತಿಯಲ್ಲಿ ಕೂತರೂ ಇನ್ನೊಂದು ಹರಳು ಕೇಳಲಾರ ಎಂಬುದು ಇನ್ನೊಂದು.

ಮಜ್ಜಿಗೆಯ ಮಾತು ಸುಮ್ಮನೆ ಹುಟ್ಟಿದ್ದಲ್ಲ. ಒಮ್ಮೆ ಪಕ್ಕದ ಮನೆಯ ಎತ್ತು ಹಗ್ಗ ಕಿತ್ತುಕೊಂಡು ಬಂದು ಅವನ ಹಿತ್ತಲಿನ ಅವರೆ ಬಳ್ಳಿಯನ್ನೆಲ್ಲ ಮೇಯ್ದು, ಅಲ್ಲೇ ಮಲಗಿ ಮೆಲುಕು ಹಾಕುತ್ತಿತ್ತು. ಇನ್ನೊಬ್ಬನಾಗಿದ್ದರೆ ಬೀದಿ ಒಂದು ಮಾಡುತ್ತಿದ್ದ. ಗುರುಮಲ್ಲಪ್ಪ ಎತ್ತಿಗೆ ಒಂದು ಬಕೆಟ್ ನೀರು ಕುಡಿಸಿ, ಹಿಡಿದುಕೊಂಡು ಹೋಗಿ ಒಡೆಯನ ಕೊಟ್ಟಿಗೆಯಲ್ಲಿ ಕಟ್ಟಿ, "ಇದ್ಕೆ ಒಟ್ಟೆ ತುಂಬ್ಬುಟ್ಟದೆ, ಇವತ್ತು ಉಲ್ಲು ಆಕ್ಬ್ಯಾಡ" ಎಂದು ಹೇಳಿ ಬಂದ. ಎತ್ತಿನ ಒಡೆಯನಿಗೆ ಅದಕ್ಕಿಂತ ಬೈಸಿಕೊಂಡಿದ್ದರೇ ಚೆನ್ನಾಗಿತ್ತು ಅನ್ನಿಸಿತಂತೆ.

ಅವನ ಕಸುಬು ಅಡುಗೆ. ಮದುವೆ, ನಾಮಕರಣ, ಗೃಹಪ್ರವೇಶ, ತಿಥಿ, ಯಾವುದೇ ಇರಲಿ, ಯಳಂದೂರಿನಿಂದ ಕೊಳ್ಳೇಗಾಲದ ರಸ್ತೆಯುದ್ದಕ್ಕೂ ಇರುವ ಊರುಗಳಲ್ಲಿ, ಆ ಕಡೆ ಹನೂರು, ಲೊಕ್ಕನಹಳ್ಳಿ, ಮಾರ್ಟಳ್ಳಿಯವರೆಗೆ ದೊಡ್ಡ ಒಲೆ ಹತ್ತಿತು ಅಂದರೆ ಗುರುಮಲ್ಲಪ್ಪನಿಗೆ ಹೇಳಿಕಳಿಸುತ್ತಿದ್ದರು. ಅವನ ಅಪ್ಪನದ್ದೂ ಇದೇ ಕಸುಬು. ಮನೆಯಲ್ಲಿ ಹೆಂಡತಿ ಶಿವನಂಜಮ್ಮ. ಒಬ್ಬಳೇ ಮಗಳು ಮಾಲಿನಿಯನ್ನು ಹನೂರಿಗೆ ಕೊಟ್ಟಿತ್ತು. ಅಕ್ಕನ ಮಗ ಬಸವಕುಮಾರ್ ಅವನ ಜೊತೆಯಲ್ಲೇ ಸೌಟು ಹಿಡಿದು ಪಳಗಿದವನು, ಈಗ ಅವನಿಗೂ ಮೀಸೆಯಲ್ಲಿ ನರೆ ಇಣುಕುವ ವಯಸ್ಸು.

ನೂರಾರು ಜನರ ಅಡುಗೆಯಲ್ಲಿ ತರಕಾರಿಯನ್ನು ಯಾರಾದರೂ ಹೆಚ್ಚಬಹುದು, ಬೇಳೆಯನ್ನು ಯಾರಾದರೂ ತೊಳೆಯಬಹುದು, ಕೊಪ್ಪರಿಗೆಯನ್ನು ಇಬ್ಬರು ಸೇರಿ ಇಳಿಸಬಹುದು. ಉಪ್ಪು ಮಾತ್ರ ಒಂದೇ ಕೈಯದು. ಎರಡು ಕೈ ಸೇರಿದರೆ ಎರಡು ಸಲ ಬೀಳುತ್ತದೆ, ಇಲ್ಲವೇ ಅವನು ಹಾಕಿದ್ದಾನೆಂದು ಇವನು, ಇವನು ಹಾಕಿದ್ದಾನೆಂದು ಅವನು ಸುಮ್ಮನಾಗುತ್ತಾರೆ. ಹಾಗಾಗಿ ಅಡುಗೆ ಒಪ್ಪಿಸುವಾಗಲೇ ಉಪ್ಪಿನ ಕೈ ಯಾರದು ಎಂದು ಕೇಳುವುದು ನಮ್ಮ ಕಡೆಯ ರೂಢಿ. ಗುರುಮಲ್ಲಪ್ಪ ಕುದಿಯುವ ಸಾರನ್ನು ಸೌಟಿನ ತುದಿಯಿಂದ ಅಂಗೈಗೆ ಬಿಟ್ಟುಕೊಂಡು, ಊದಿ, ನೆಕ್ಕಿ, ಕಣ್ಣು ಮುಚ್ಚುತ್ತಿದ್ದ. ಕಣ್ಣು ಬಿಟ್ಟಾಗ ಇನ್ನೆಷ್ಟು ಹರಳುಪ್ಪು ಬೇಕೆಂಬುದು ಅವನ ಮುಷ್ಟಿಗೆ ತಿಳಿದಿರುತ್ತಿತ್ತು.

ಅದಕ್ಕಿಂತ ಕಷ್ಟದ್ದು ಪರದ ಅಡುಗೆ. ವರ್ಷಕ್ಕೊಮ್ಮೆ ಮಲೆಯ ಮಾದೇಶ್ವರನ ಹೆಸರಲ್ಲಿ ಊರವರೆಲ್ಲ ಸೇರಿ ಹಾಕುವ ಊಟಕ್ಕೆ ಪರ ಅನ್ನುತ್ತಾರೆ. ದೇವರಿಗೆ ಎಡೆ ಇಡುವವರೆಗೆ ಆ ಅಡುಗೆಯನ್ನು ಯಾರೂ ನಾಲಿಗೆಗೆ ಮುಟ್ಟಿಸುವ ಹಾಗಿಲ್ಲ, ಎಂಜಲಾಗಿಬಿಡುತ್ತದೆ. ಎಡೆ ಆದ ಕೂಡಲೇ ಪಂಕ್ತಿ ಕೂತುಬಿಡುತ್ತದೆ, ತಿದ್ದಲು ಹೊತ್ತಿರುವುದಿಲ್ಲ. ಪರದ ಉಪ್ಪು ಅಂದರೆ ಕುರುಡು ಉಪ್ಪು. ದಿನವೂ ನಾಲಿಗೆ ಕಲಿಸಿದ್ದನ್ನು ಅವತ್ತು ಕೈ ಒಪ್ಪಿಸಬೇಕು, ಅಷ್ಟೇ. ಅವನ ಅಪ್ಪ ತೀರಿಕೊಂಡ ಮೇಲೆ ನಮ್ಮೂರ ಪರಕ್ಕೆ ಗುರುಮಲ್ಲಪ್ಪನದಲ್ಲದೆ ಬೇರೆ ಕೈ ಬಿದ್ದಿರಲಿಲ್ಲ. ಅವನಿಗೆ ಇದ್ದ ಹೆಮ್ಮೆ ಅದೊಂದೇ.

ಅವನ ಬಿಪಿ ಗೊತ್ತಾದದ್ದು ಆಕಸ್ಮಿಕವಾಗಿ. ಆಶಾ ಕಾರ್ಯಕರ್ತೆ ಪ್ರೇಮಾ ಅದೇ ಬೀದಿಯ ಹುಡುಗಿ. ಅಂಗನವಾಡಿಯಲ್ಲಿ ಬಿಪಿ, ಶುಗರ್ ನೋಡುತ್ತಿದ್ದಾರೆ ಬನ್ನಿ ಎಂದು ಮನೆಮನೆಗೂ ಹೇಳಿ, ಜಗಲಿಯ ಮೇಲೆ ಕೂತಿದ್ದವನನ್ನೂ ಎಬ್ಬಿಸಿಕೊಂಡು ಹೋದಳು. ನರ್ಸಮ್ಮ ಬಲಗೈಗೆ ಪಟ್ಟಿ ಕಟ್ಟಿ ಗಾಳಿ ತುಂಬಿದರು. ಮುಖ ಗಂಟಿಕ್ಕಿ ಎಡಗೈಗೆ ಕಟ್ಟಿದರು. ಸ್ವಲ್ಪ ಹೊತ್ತು ಸುಮ್ಮನೆ ಕೂರಿಸಿ ಮತ್ತೆ ಕಟ್ಟಿದರು. ಮೇಲಿನ ಅಂಕಿ ನೂರ ತೊಂಬತ್ತು ದಾಟಿತ್ತು. ಸಾಲಿನಲ್ಲಿದ್ದವರು ನಕ್ಕರು. ಮಜ್ಜಿಗೆಗೂ ಬಿಪಿ ಬರುತ್ತದೆಯೇ, ಮಿಷನ್ ಕೆಟ್ಟಿರಬೇಕು ಎಂದರು. ಗುರುಮಲ್ಲಪ್ಪನಿಗೂ ಹಾಗೇ ಅನ್ನಿಸಿತು. ತಲೆನೋವಿಲ್ಲ, ತಲೆಸುತ್ತಿಲ್ಲ. ಬಿಪಿ ಸಿಟ್ಟಿನವರ ಕಾಯಿಲೆ, ನನಗೆ ಹೇಗೆ ಬರುತ್ತದೆ ಎಂದು ಪ್ರೇಮಾಳನ್ನು ಕೇಳಿದ.

"ಸಿಟ್ಟಿಗೂ ಇದ್ಕೂ ಗಂಟು ಆಕ್ಬ್ಯಾಡಿ ದೊಡ್ಡಪ್ಪ," ಅಂದಳು ಅವಳು. "ಇದು ಸದ್ದು ಮಾಡಲ್ಲ. ಇಪ್ಪನೇರಳೆ ತ್ವಾಟದ ಪೈಪಲ್ಲಿ ನೀರು ಜಾಸ್ತಿ ಜೋರಾಗಿ ಓಡ್ತಾ ಇದ್ರೆ ಮೇಲಿಂದ ನೋಡುದ್ರೆ ಗೊತ್ತಾದದಾ? ಒಡ್ದಾಗ್ಲೇ ಗೊತ್ತಾಗೋದು. ನೋಯ್ಲಿ ಅಂತ ಕಾಯ್ಕೊಂಡು ಕೂರ್ಬ್ಯಾಡಿ."

ಕೊಳ್ಳೇಗಾಲದ ಡಾಕ್ಟರು ರಕ್ತ, ಮೂತ್ರ, ಇಸಿಜಿ ಎಲ್ಲ ಮಾಡಿಸಿ ಬೆಳಗಿನ ಮಾತ್ರೆ ಬರೆದುಕೊಟ್ಟರು. ದಿನವೂ ತಪ್ಪಬಾರದು, ಚೆನ್ನಾಗಿದ್ದೇನೆ ಅನ್ನಿಸಿದರೂ ನಿಲ್ಲಿಸಬಾರದು. ಚೆನ್ನಾಗಿರುವುದೇ ಮಾತ್ರೆಯಿಂದ ಎಂದರು. ಊಟದಲ್ಲಿ ಉಪ್ಪು ಅರ್ಧಕ್ಕಿಂತ ಕಡಿಮೆಯಾಗಬೇಕು, ಉಪ್ಪಿನಕಾಯಿ, ಸಂಡಿಗೆ, ಹಪ್ಪಳ, ಬಜ್ಜಿ ಇವೆಲ್ಲ ಉಪ್ಪಿನ ಲೆಕ್ಕವೇ ಎಂದು ವಿವರಿಸಿದರು. ಅಡುಗೆಯವನೆಂದು ತಿಳಿದು, ಅಂಗೈಯಲ್ಲಿ ಒಂದು ಹನಿ ರುಚಿ ನೋಡಿದರೆ ಏನೂ ಆಗುವುದಿಲ್ಲ, ದಿನದಿನದ ಊಟವೇ ಮುಖ್ಯ ಎಂದೂ ಹೇಳಿದರು. ಗುರುಮಲ್ಲಪ್ಪ ನಿರಾಳವಾದ. ಶಿವನಂಜಮ್ಮ ಅವನೊಬ್ಬನಿಗೆ ಸಪ್ಪೆ ಬಡಿಸಲು ಮನಸ್ಸು ಬಾರದೆ ಇಬ್ಬರಿಗೂ ಒಂದೇ ಪಾತ್ರೆಯಲ್ಲಿ ಸಪ್ಪೆ ಸಾರು ಮಾಡಿದಳು. ಮೊದಲ ವಾರ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆಮೇಲೆ ಇಳಿಯಿತು. ಆಮೇಲೆ ರುಚಿಯೂ ಆಯಿತು. ಬರಿಯ ಬೆಂದ ಹುರುಳಿಕಾಯಿಯಲ್ಲಿ ಇಷ್ಟು ಸಿಹಿ ಇದೆಯೆಂದು ಇಷ್ಟು ವರ್ಷ ಗೊತ್ತೇ ಇರಲಿಲ್ಲ ಎಂದು ಅವನು ಬೆರಗಾದ. ಪ್ರೇಮಾ ಬಂದು ನೋಡಿದಾಗಲೆಲ್ಲ ಅಂಕಿ ಇಳಿಯುತ್ತಾ ಬಂತು.

ಇಳಿದದ್ದು ಅದೊಂದೇ ಅಲ್ಲ.

ಯಳಂದೂರಿನಲ್ಲಿ ವೃಷಭೇಂದ್ರಪ್ಪನವರದ್ದು ದೊಡ್ಡ ಗೃಹಪ್ರವೇಶ. ರೈಸ್‌ಮಿಲ್ಲಿನ ಸಾಹುಕಾರರು, ಮೂರು ತಾಲ್ಲೂಕಿನ ಜನ ಸೇರಿದ್ದರು. ಗುರುಮಲ್ಲಪ್ಪ ಎಂದಿನಂತೆ ಅಂಗೈ ನೆಕ್ಕಿ ಕಣ್ಣು ಮುಚ್ಚಿದ. ಸಾರು ಹದವಾಗಿದೆ ಅನ್ನಿಸಿತು. ಕೂಟಿಗೆ ಒಂದು ಹರಳು ಹೆಚ್ಚೇ ಬಿತ್ತೇನೋ ಎಂದು ಹೆದರಿ ಬಿಸಿನೀರು ಬೆರೆಸಿದ. ಪಂಕ್ತಿ ಕೂತಿತು. ಎರಡು ತುತ್ತು ಉಂಡವರು ಎಲೆಯ ತುದಿಯ ಉಪ್ಪನ್ನು ಕಲಸಿಕೊಂಡರು. ಆಮೇಲೆ ಒಬ್ಬರಾದ ಮೇಲೆ ಒಬ್ಬರು ಕೈಯೆತ್ತಿ ಉಪ್ಪು ತನ್ನಿ ಎಂದರು. ಬಡಿಸುವವರು ಉಪ್ಪಿನ ಬಟ್ಟಲು ಹಿಡಿದು ಸಾಲಿನುದ್ದಕ್ಕೂ ಓಡಾಡಿದರು. ಗುರುಮಲ್ಲಪ್ಪ ಒಲೆಯ ಬಳಿ ನಿಂತು ಅದನ್ನೇ ನೋಡುತ್ತಿದ್ದ. ವೃಷಭೇಂದ್ರಪ್ಪನವರು ಸಿಟ್ಟಾಗಲಿಲ್ಲ. ಎಲೆಅಡಿಕೆ ಹಾಕಿಕೊಳ್ಳುತ್ತಾ ಎಲ್ಲರೆದುರಿಗೆ, "ಗುರುಮಲ್ಲಪ್ಪ, ನಾವು ಕಟ್ಸಿರೋದು ಮನೆ ಕಣಪ್ಪ, ಆಸ್ಪತ್ರೆ ಅಲ್ಲ" ಅಂದರು. ನೆಂಟರಿಷ್ಟರೆಲ್ಲ ನಕ್ಕರು. ಅವನೂ ನಕ್ಕ. ಪಾತ್ರೆಗಳನ್ನು ಹೇರಿಕೊಂಡು ಆಟೋದಲ್ಲಿ ಬರುವಾಗ ಬಸವಕುಮಾರ್ ದಾರಿಯುದ್ದಕ್ಕೂ ಹೊರಗೆ ಗದ್ದೆಯನ್ನೇ ನೋಡುತ್ತಿದ್ದ.

ಏನಾಗಿದೆ ಎಂದು ಗುರುಮಲ್ಲಪ್ಪನಿಗೆ ತಿಳಿಯಿತು. ಕೈ ಕೆಟ್ಟಿಲ್ಲ, ನಾಲಿಗೆ ಬದಲಾಗಿದೆ. ಸಪ್ಪೆ ಉಂಡೂ ಉಂಡೂ ಅದು ಚೂಪಾಗಿದೆ, ಊರಿಗೆ ಹದವಾದದ್ದು ಅದಕ್ಕೆ ಕಡು ಉಪ್ಪು. ತಮಟೆ ಬಡಿಯುವವರು ಬಡಿಯುವ ಮುಂಚೆ ತೊಗಲನ್ನು ಬೆಂಕಿಗೆ ಹಿಡಿದು ಹದಕ್ಕೆ ತರುವುದಿಲ್ಲವೇ, ನಾಲಿಗೆಯನ್ನೂ ಹಾಗೇ ತಂದುಕೊಳ್ಳಬೇಕು ಎಂದುಕೊಂಡ. ಒಪ್ಪಿಕೊಂಡ ಅಡುಗೆಗೆ ಕೆಲವು ದಿನ ಮುಂಚಿನಿಂದಲೇ ಯಾರಿಗೂ ತಿಳಿಯದಂತೆ ಉಪ್ಪು ಸವರಿದ ಮಾವಿನಕಾಯಿ ತಿನ್ನತೊಡಗಿದ. ಅಂಗಡಿಯ ಬಜ್ಜಿ, ಅವರಿವರ ಮನೆಯ ಉಪ್ಪೆಸರಿನ ಖಾರ, ಸಂಡಿಗೆ ಎಲ್ಲವನ್ನೂ ತಿಂದ. ಮಾತ್ರೆಯೇ ನಾಲಿಗೆಯನ್ನು ಹೀಗೆ ಮಾಡುತ್ತಿದೆ ಎಂಬ ಗುಮಾನಿಯೂ ಹೊಕ್ಕಿತು. ಅಷ್ಟು ದಿನ ಅದನ್ನೂ ಬಿಟ್ಟ. ಅಡುಗೆ ಮುಗಿಸಿ ಬಂದ ಮೇಲೆ ಮತ್ತೆ ಸಪ್ಪೆ ಊಟ, ಬಿಟ್ಟದ್ದಕ್ಕೆ ಸೇರಿಸಿ ಎರಡು ಮಾತ್ರೆ. ಅದರಿಂದ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದ. ರುಚಿ ಮರಳಿತು, ಹೆಸರೂ ಮರಳಿತು. ಮೈಯಲ್ಲಿ ಯಾವ ನೋವೂ ಇರಲಿಲ್ಲವಾದ್ದರಿಂದ ಯಾವ ತಪ್ಪೂ ಕಾಣಲಿಲ್ಲ.

ಮದುವೆಗಳ ಕಾಲ ಬಂತು. ಒಂದು ಅಡುಗೆಯ ಬೆನ್ನಿಗೆ ಇನ್ನೊಂದು. ನಾಲಿಗೆ ಹದ ಮಾಡಿಕೊಳ್ಳುವ ದಿನಗಳು ಒಂದಕ್ಕೊಂದು ಕೂಡಿಕೊಂಡು, ನಡುವೆ ಸಪ್ಪೆ ಊಟಕ್ಕೂ ಮಾತ್ರೆಗೂ ಜಾಗವೇ ಉಳಿಯಲಿಲ್ಲ. ಹನೂರಿನ ಒಂದು ಮದುವೆಯ ಬೆಳಗ್ಗೆ, ಉಪ್ಪಿಟ್ಟು ತಿರುವುತ್ತಿದ್ದಾಗ ಅವನ ಬಲಗೈಯಿಂದ ಸೌಟು ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಬೆರಳು ಹಿಡಿಯಲಿಲ್ಲ. ಬಸವಕುಮಾರ್ ಏನಾಯಿತು ಎಂದು ಕೇಳಿದಾಗ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು, ಮಾತು ಗಂಜಿಯಂತೆ ಕಲಸಿಹೋಗಿತ್ತು. ಅದೇ ಊರಿನಲ್ಲಿದ್ದ ಮಗಳು ಮಾಲಿನಿ ಓಡಿ ಬರುವಷ್ಟರಲ್ಲಿ ಬಾಯಿಯೂ ಕೈಯೂ ತಾವಾಗಿ ಸರಿಹೋಗಿದ್ದವು. ಹೊಗೆಗೆ ಹಾಗಾಯಿತು, ಬೇಳೆ ಸೀಯುತ್ತದೆ ಬಿಡು ಎಂದ. ಅವಳು ಬಿಡದೆ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರು ಇದು ಪಾರ್ಶ್ವವಾಯುವಿನ ಮುನ್ಸೂಚನೆ ಎಂದರು. ಅದು ಬಂದು ಮನೆ ನೋಡಿಕೊಂಡು ಹೋಗಿದೆ, ಮತ್ತೆ ಬಂದರೆ ಬರಿಗೈಯಲ್ಲಿ ಹೋಗುವುದಿಲ್ಲ ಎಂದರು.

ಆ ಸಂಜೆ ಮನೆಗೆ ಬಂದು ಜಗಲಿಯಲ್ಲಿ ಕೂತು, ಮಾವಿನಕಾಯಿಯಿಂದ ಹಿಡಿದು ಮಾತ್ರೆಯವರೆಗೆ ಎಲ್ಲವನ್ನೂ ಹೆಂಡತಿಗೆ ಹೇಳಿಕೊಂಡ. ಶಿವನಂಜಮ್ಮ ಬೈಯಲಿಲ್ಲ, ಅಳಲೂ ಇಲ್ಲ. ಮರುದಿನ ಒಲೆಯ ಮೇಲೆ ಎರಡು ಪಾತ್ರೆ ಇಟ್ಟಳು. ಒಂದರಲ್ಲಿ ಅವನ ಸಪ್ಪೆ ಸಾರು. ಇನ್ನೊಂದರಲ್ಲಿ ಊರಿನವರ ಹಾಗೆ ಉಪ್ಪು ಹಾಕಿದ್ದು, ತನಗೆ.

"ನಿಮ್ದು ನಿಮ್ ಹದಕ್ಕೇ ಇರ್ಲಿ," ಅಂದಳು. "ಇನ್ಮೇಲೆ ಅಡುಗೆಗೆ ಓಗುವಾಗ ನನ್ನ ನಾಲ್ಗೆ ತಕ್ಕಂಡೋಗಿ."

ಅವನು ಮೊದಲು ತಮಾಷೆ ಅಂದುಕೊಂಡ. ಆದರೆ ಅವಳು ನಿಜಕ್ಕೂ ಸೆರಗು ಸಿಕ್ಕಿಸಿಕೊಂಡು ಆಟೋ ಹತ್ತಿದಳು. ಒಲೆಯ ಹಿಂದೆ ಒಂದು ಮಣೆ ಹಾಕಿಕೊಂಡು ಕೂರುವಳು. ಅವನು ಸೌಟಿನ ತುದಿಯಿಂದ ಅವಳ ಅಂಗೈಗೆ ಬಿಡುವನು. ಅವಳು ನೆಕ್ಕಿ, ಹುಬ್ಬು ಎತ್ತಿದರೆ ಇನ್ನೂ ಬೇಕು, ತಲೆ ಆಡಿಸಿದರೆ ಸಾಕು. ಹಾಕುವ ಕೈ ಅವನದೇ. ಅಡುಗೆ ಒಂದೂ ತಪ್ಪಲಿಲ್ಲ. ಮಾತ್ರೆಯನ್ನು ಬೆಳಗ್ಗೆ ಅವಳೇ ಕೈಗೆ ಹಾಕಿ ನೀರು ಕೊಡುತ್ತಿದ್ದಳು. ಅಂಕಿ ಮತ್ತೆ ಇಳಿಯಿತು, ಪ್ರೇಮಾ ಹಿಗ್ಗಿ ಬೇರೆ ಬಿಪಿಯವರ ಮನೆಗಳಲ್ಲೆಲ್ಲ ದೊಡ್ಡಪ್ಪನ ಕಥೆ ಹೇಳಿದಳು. ಆಡಿಕೊಳ್ಳುವವರು ಇದ್ದೇ ಇದ್ದರು. ಮಾರ್ಟಳ್ಳಿಯ ಮದುವೆಯಲ್ಲಿ ತಮಿಳು ಬೆರೆಸಿ ಮಾತಾಡುವ ನೆಂಟರು, ಅಡುಗೆ ಇವರದ್ದು, ನಾಲಿಗೆ ಪೊಂಡಾಟಿಯದ್ದು ಎಂದು ಹೇಳಿ ನಗಾಡಿದರು. ಗುರುಮಲ್ಲಪ್ಪ ಅದನ್ನೂ ನುಂಗಿಕೊಂಡ. ಇಬ್ಬರೂ ಒಟ್ಟಿಗೆ ದುಡಿದು, ಒಟ್ಟಿಗೆ ಆಟೋದಲ್ಲಿ ತೂಕಡಿಸುತ್ತಾ ಮನೆಗೆ ಬಂದ ಆ ಕೆಲವು ತಿಂಗಳು ಚೆನ್ನಾಗಿದ್ದವು. ಅದು ಹಾಗೇ ನಡೆದುಕೊಂಡು ಹೋಗಿದ್ದರೆ ಈ ಕಥೆಯನ್ನು ಬರೆಯುವ ಅಗತ್ಯವೇ ಇರುತ್ತಿರಲಿಲ್ಲ.

ಆದರೆ ಪರ ಬಂತು. ಎಡೆಗೆ ಮುಂಚೆ ಅವನ ನಾಲಿಗೆಯೂ ತಾಗಬಾರದು, ಅವಳ ನಾಲಿಗೆಯೂ ತಾಗಬಾರದು. ಮಣೆ ಹಾಕಿಕೊಂಡು ಕೂತು ಪ್ರಯೋಜನವಿಲ್ಲ. ಕೈಗೆ ಹದ ಕಲಿಸುತ್ತಿದ್ದ ಅವನ ನಾಲಿಗೆಯೋ ಈಗ ಸಪ್ಪೆಗೆ ಒಗ್ಗಿಹೋಗಿತ್ತು.

ಶಿವನಂಜಮ್ಮನಿಗೆ ಇದು ಮೊದಲೇ ಹೊಳೆದಿತ್ತು. ಅವಳೇ ಹೋಗಿ ಬಸವಕುಮಾರನಿಗೆ ಹೇಳಿದ್ದಳು. ಅವನು ಒಂದು ಬೆಳಗ್ಗೆ ಬಂದು, ಜಗಲಿಯ ಕಂಬಕ್ಕೆ ಒರಗಿ, ಬಹಳ ಹೊತ್ತು ಮಳೆ ಬೆಳೆ ಮಾತಾಡಿದ. ಕೊನೆಗೆ ಹೇಳಿದ.

"ಮಾವ, ಈ ಸಲ ಉಪ್ಪು ನಾನಾಕ್ತೀನಿ. ನೀವು ಪಕ್ಕದಲ್ಲಿ ಕೂತಿರಿ."

"ನಿಂಗೆ ಆಕಕೆ ಬಂದ್ಮೇಲೆ ನಾ ಯಾಕ್ಲಾ ಪಕ್ಕದಲ್ಲಿ ಕೂರ್ಲಿ?"

"ಹಂಗಲ್ಲ ಮಾವ. ಧೈರ್ಯಕ್ಕೆ."

"ನಿನ್ನ ಧೈರ್ಯಕ್ಕೋ, ನನ್ನ ಧೈರ್ಯಕ್ಕೋ?"

ಪ್ರೇಮಾ ಬಂದು ಬೇಳೆಗೆ ಇಷ್ಟು, ಅಕ್ಕಿಗೆ ಇಷ್ಟು ಎಂದು ತೂಕ ಮಾಡಿ ಹಾಕಿದರೆ ಯಾರ ಕೈಯಾದರೇನು ಎಂದಳು. ಹುಣಸೆಯ ಹುಳಿ ಒಂದೊಂದು ಮೂಟೆಗೆ ಒಂದೊಂದು ಥರ, ನೀರು ಕುದಿದು ಎಷ್ಟು ಇಂಗುತ್ತದೋ ಗೊತ್ತಿಲ್ಲ, ತಕ್ಕಡಿಗೆ ಇದೆಲ್ಲ ಏನು ತಿಳಿಯುತ್ತದೆ ಎಂದ ಗುರುಮಲ್ಲಪ್ಪ. ಅದೂ ಒಂದು ನೆಪ. ಚಹಾದಂಗಡಿಯಲ್ಲಿ ಯಾರೋ, ಈ ವರ್ಷ ಮಾದೇಶ್ವರನಿಗೂ ಆಸ್ಪತ್ರೆ ಸಾರೇ ಗತಿ ಎಂದದ್ದು ಅವನ ಕಿವಿಗೆ ಬಿದ್ದಿತ್ತು. ಮಾರ್ಟಳ್ಳಿಯವರ ನಗುವನ್ನು ನುಂಗಿದವನಿಗೆ ಸ್ವಂತ ಊರಿನ ಮಾತು ಇಳಿಯಲಿಲ್ಲ. ಇದೊಂದು ಪರ ಮಾಡಿ, ದೇವರ ಮುಂದೆ ಬಸವಕುಮಾರನ ಕೈಗೆ ಉಪ್ಪು ಕೊಟ್ಟು ಕಸುಬು ಬಿಡುತ್ತೇನೆ ಎಂದು ಹೇಳಿದ. ಮಾತ್ರೆ ತಪ್ಪಿಸುವುದಿಲ್ಲ, ನನ್ನ ಪಾತ್ರೆಯ ಸಾರನ್ನೇ ಉಣ್ಣುತ್ತೇನೆ ಎಂದು ಹೆಂಡತಿಯ ಕೈ ಮುಟ್ಟಿದ. ಅವಳು ನಂಬಿದಳು. ಬೆಳಗ್ಗೆ ಅವಳು ಕೊಟ್ಟ ಮಾತ್ರೆಯನ್ನು ಅವಳೆದುರಿಗೇ ಬಾಯಿಗೆ ಹಾಕಿಕೊಂಡು ನೀರು ಕುಡಿಯುತ್ತಿದ್ದ. ಬೇರೆ ಇನ್ನೇನು ನೋಡಬೇಕಿತ್ತು?

ಪರದ ದಿನ ಬೆಳಗ್ಗೆ ಅವಳು ಕೊಪ್ಪರಿಗೆ ಉಜ್ಜಲು ಬೂದಿ ತರಲೆಂದು ಬಚ್ಚಲೊಲೆಯ ಪಕ್ಕದ ಬೂದಿಗುಡ್ಡೆಗೆ ಕೈ ಹಾಕಿದಳು. ಬೆರಳಿಗೆ ಏನೋ ಸಿಕ್ಕಿತು. ತೆಗೆದು ನೋಡಿದಳು. ಬೂದಿ ಮೆತ್ತಿಕೊಂಡ ಮಾತ್ರೆ. ಕೆದಕಿದಳು. ಇನ್ನೊಂದು. ಇನ್ನೂ ಒಂದು, ಅರ್ಧ ಕರಗಿದ್ದು. ಅವನು ನಾಲಿಗೆಯಡಿ ಇಟ್ಟುಕೊಂಡು, ಮುಖ ತೊಳೆಯುವ ನೆಪದಲ್ಲಿ ಬಂದು ಉಗಿದಿದ್ದ ಮಾತ್ರೆಗಳು.

ಮುಂದೆ ನಡೆದದ್ದನ್ನು ಇಲ್ಲೇ ಹೇಳಿಬಿಡುವುದು ಮೇಲು. ಊರೆಲ್ಲ ಅದನ್ನೇ ಹೇಳುತ್ತದೆ, ಬೇರೆ ಏನನ್ನೂ ಹೇಳುವುದಿಲ್ಲ. ಅವತ್ತು ಗುರುಮಲ್ಲಪ್ಪ ದೇವಸ್ಥಾನದ ಹಿಂದೆ ನೆಲಕ್ಕೆ ತೋಡಿದ ಒಲೆಗಳ ಮುಂದೆ ನಿಂತು, ಮುಷ್ಟಿ ಮುಷ್ಟಿಯಾಗಿ ಉಪ್ಪು ಹಾಕಿದ. ಎಡೆ ಆಯಿತು, ಪಂಕ್ತಿ ಕೂತಿತು. ಉಂಡವರೆಲ್ಲ ಹದವಾಗಿದೆ ಎಂದರು. ಎರಡನೆಯ ಪಂಕ್ತಿಗೆ ಎಲೆ ಹಾಸುತ್ತಿದ್ದಾಗ ಅವನು ತಲೆ ಹಿಡಿದುಕೊಂಡು ಸೌದೆಯ ರಾಶಿಗೆ ಒರಗಿ ಕೂತ, ವಾಂತಿ ಮಾಡಿದ, ಪಕ್ಕಕ್ಕೆ ಬಿದ್ದ. ಆಂಬುಲೆನ್ಸ್ ಕೊಳ್ಳೇಗಾಲಕ್ಕೆ ಕೊಂಡೊಯ್ದಿತು, ಅಲ್ಲಿಂದ ಮೈಸೂರಿಗೆ ಎಂದರು. ತಲೆಯೊಳಗೆ ರಕ್ತಸ್ರಾವವಾಗಿತ್ತು. ಮೈಸೂರು ಬರುವ ಮುಂಚೆಯೇ ಎಲ್ಲ ಮುಗಿದಿತ್ತು. ತಾನು ಮಾಡಿದ ಅಡುಗೆಯನ್ನು ಅವನು ಒಂದು ತುತ್ತೂ ಉಂಡಿರಲಿಲ್ಲ. ಸತ್ತರೂ ಕೈ ತಪ್ಪಲಿಲ್ಲ ನೋಡು ಎಂದು ಜನ ಈಗಲೂ ಮೆಚ್ಚಿ ಆಡುತ್ತಾರೆ. ಆ ಮಾತು ಎದ್ದಾಗ ಶಿವನಂಜಮ್ಮ ಎದ್ದು ಒಳಗೆ ಹೋಗುತ್ತಾಳೆ.

ಅವಳು ಯಾರಿಗೂ ಹೇಳದೆ ಬಹಳ ದಿನ ಇಟ್ಟುಕೊಂಡಿದ್ದದ್ದು ಆ ಬೆಳಗಿನ ಮಾತು.

ಬೂದಿಗೈಯಲ್ಲೇ ನಡುಮನೆಗೆ ಬಂದಳು. ಅವನು ಮಿಂದು, ವಿಭೂತಿ ಹಚ್ಚಿಕೊಂಡು, ಒಗೆದ ಪಂಚೆ ಉಟ್ಟು ನಿಂತಿದ್ದ. ಅವಳು ಅಂಗೈ ಬಿಚ್ಚಿ ಹಿಡಿದಳು. ಅವನು ನೋಡಿದ. ಸುಳ್ಳು ಹೇಳಲಿಲ್ಲ.

"ಇದೊಂದು ಕಣಮ್ಮಿ," ಅಂದ. "ಇದಾದ್ಮೇಲೆ ನೀ ಏಳ್ದಂಗೆ."

"ಸಾರು ಸಪ್ಪೆ ಆದ್ರೆ ಮಾದೇಶ್ವರ ಸತ್ತೋಯ್ತಾನಾ?"

"ಅಂವ ಸಾಯಲ್ಲ. ನಾ ಸಾಯ್ತೀನಿ."

ಅವಳು ಗೂಡಿನಿಂದ ಮಾತ್ರೆಯ ಪಟ್ಟಿ ತೆಗೆದು, ಒಂದನ್ನು ಒತ್ತಿ ಬಿಡಿಸಿ, ಅವನ ಮುಂದೆ ಹಿಡಿದಳು. ಅವನು ತೆಗೆದುಕೊಂಡು ನುಂಗಿದ. ಅವಳು ಕೇಳುವ ಮುಂಚೆಯೇ ಬಾಯಿ ಅಗಲಿಸಿ, ನಾಲಿಗೆ ಎತ್ತಿ, ಕೆಳಗೂ ಪಕ್ಕಕ್ಕೂ ತೋರಿಸಿದ. ಬಾಯಿ ಖಾಲಿ ಇತ್ತು. ಅವಳು ತಲೆ ಆಡಿಸಿದಳು. ಇಷ್ಟು ದಿನ ಬಿಟ್ಟದ್ದನ್ನು ಒಂದು ಮಾತ್ರೆ ಕಟ್ಟಲಾರದು ಎಂದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಬೀದಿಯಲ್ಲಿ ಬಸವಕುಮಾರ್ ಕೂಗಿದ, ಒಲೆ ಹತ್ತಿಸಿದ್ದೇವೆ ಎಂದು. ಗುರುಮಲ್ಲಪ್ಪ ದೊಡ್ಡ ಸೌಟನ್ನು ಹೆಗಲಿಗೇರಿಸಿದ. ಹೊಸಿಲ ಬಳಿ ನಿಂತು, ನೀನು ಮಧ್ಯಾಹ್ನ ಊಟದ ಹೊತ್ತಿಗೆ ಬಾ, ಮೊದಲ ಪಂಕ್ತಿಯಲ್ಲೇ ಕೂತುಕೋ ಎಂದ. ಸೌಟಿನ ಹಿಡಿ ಬಾಗಿಲ ಚೌಕಟ್ಟಿಗೆ ತಾಗಿತು. ಅವನು ಒಂದು ಹೆಜ್ಜೆ ಹಿಂದೆ ಬಂದು, ಅದನ್ನು ಓರೆ ಮಾಡಿಕೊಂಡು, ತಲೆ ಬಗ್ಗಿಸಿ, ಹೊರಗೆ ಹೋದ.